ಆಲೂಗಡ್ಡೆ ಗಿಡ ಬುಡದಲ್ಲೇ ತುಂಡಾಗ್ತಿದೆ, ಔಷಧಿ ಹೊಡೆದರೂ ನಿಲ್ತಿಲ್ಲ

ಗಡ್ಡೆಸಾಲು:
ತಲೆ ಕೆಟ್ಟುಹೋಗಿದೆ. ದಿನಾ ಬೆಳಿಗ್ಗೆ ಹೋಗಿ ನೋಡಿದರೆ ಹೊಸದಾಗಿ ಒಂದಷ್ಟು ಗಿಡ ಅಡ್ಡ ಬಿದ್ದಿರುತ್ತವೆ. ಔಷಧಿ ಹೊಡೆದಾಯ್ತು, ಬದಲಾಯಿಸಿ ಬೇರೆಯದೂ ಹೊಡೆದಾಯ್ತು. ಎಲೆ ಮೇಲೆ ಹುಡುಕಿದರೆ ಒಂದು ಹುಳುವೂ ಕಾಣಲ್ಲ. ಯಾವ ಔಷಧಿಗೆ ಇದು ನಿಲ್ಲುತ್ತೆ, ಅದೊಂದು ಹೇಳಿ ಸಾಕು.

ಕೆಂಪುನೆಲ:
ಗೊಣ್ಣೆ ಹುಳು. ಅನುಮಾನವೇ ಬೇಡ. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರ ಹಾಕಿರ್ತೀರಿ. ಹುಳು ಕೊಲ್ಲುವ ಶಿಲೀಂಧ್ರ ಮೆಟಾರೈಜಿಯಂ ತಂದು ಗೊಬ್ಬರದ ಜೊತೆ ಬೆರೆಸಿ ಬುಡಕ್ಕೆ ಕೊಡಿ.

ಬೇರುಬಿಳಲು:
ಔಷಧಿ ಹೆಸರು ಆಮೇಲೆ ನೋಡೋಣ ಅಣ್ಣ, ಮೊದಲು ಇಷ್ಟು ಹೇಳಿ. ಗಿಡ ಎಷ್ಟೆತ್ತರ ಬಂದಿದೆ? ತುಂಡಾಗಿರೋದು ನೆಲದ ಮಟ್ಟದಲ್ಲೋ, ಮಣ್ಣಿನೊಳಗೋ? ಹೊಡೆದದ್ದು ಯಾವ ಹೊತ್ತಲ್ಲಿ? ಹರಿ ನೀರೋ, ಡ್ರಿಪ್ಪೋ? ನಾಟಿಗೆ ಮುಂಚೆ ಹೊಲದಲ್ಲಿ ಕಳೆ ಇತ್ತಾ?

ಗಡ್ಡೆಸಾಲು:
ಗಿಡ ಒಂದು ಗೇಣು. ನೆಲದ ಮಟ್ಟದಲ್ಲೇ ಕುಡುಗೋಲಲ್ಲಿ ಕೊಯ್ದ ಹಾಗಿದೆ. ಬೇರು ಗಟ್ಟಿಯಾಗಿದೆ. ಎಲ್ಲರ ಹಾಗೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಡೆದಿದ್ದು. ಡ್ರಿಪ್ಪು. ಕಳೆ ಇತ್ತು, ಉತ್ತು ಅದೇ ವಾರ ನಾಟಿ ಮಾಡಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೇರುಬಿಳಲು:
ಸಂಬಂಧ ಪೂರ್ತಿ ಅದರಲ್ಲೇ ಇದೆ. ನೀವು ಹೇಳ್ತಿರೋದು ಕತ್ತರಿಸುವ ಹುಳು, ಅಗ್ರೋಟಿಸ್ ಜಾತಿಯದ್ದು. ಅದರ ಪತಂಗ ತಗ್ಗಿನ ಕಳೆಗಳ ಮೇಲೆ ಮೊಟ್ಟೆ ಇಡುತ್ತೆ, ಒಂದೊಂದು ಹೆಣ್ಣು 1,000ಕ್ಕೂ ಹೆಚ್ಚು ಇಡಬಲ್ಲದು. ಕಳೆ ಉತ್ತಮೇಲೆ ಮೊಟ್ಟೆಯಿಂದ ಬಂದ ಹುಳುವಿಗೆ ತಿನ್ನೋಕೆ ಬೇರೇನೂ ಇಲ್ಲ, ಆಗತಾನೆ ಮೊಳೆತ ಆಲೂಗಡ್ಡೆಗೆ ಬಂದು ಬೀಳುತ್ತೆ. ಹಗಲು ಮಣ್ಣೊಳಗೆ ಮಲಗಿರುತ್ತೆ, ಕತ್ತಲಾದಮೇಲೆ ಮೇಲೆ ಬರುತ್ತೆ. ಬೆಳಿಗ್ಗೆ ಎಲೆಗೆ ಹೊಡೆದ ಔಷಧಿ ಅದಕ್ಕೆ ತಾಕುವುದೇ ಇಲ್ಲ.

ನಾಳೆ ಬೆಳಕು ಹರಿಯುವಾಗಲೇ ಹೋಗಿ. ಆಗತಾನೆ ಬಿದ್ದ ಗಿಡದ ಸುತ್ತ ಒಂದು ಗೇಣು ಜಾಗ, ಎರಡು ಬೆರಳು ಆಳ, ಕೈಯಲ್ಲೇ ಮಣ್ಣು ಕೆದಕಿ. ಕೆಲವು ಸಲ ಕತ್ತರಿಸಿದ ಎಲೆಯನ್ನೇ ಬಿಲದ ಬಾಯಿಗೆ ಎಳೆದುಕೊಂಡಿರುತ್ತೆ, ಅಲ್ಲೇ ಸಿಗುತ್ತೆ.

ಗಡ್ಡೆಸಾಲು:
ಸಿಕ್ತು! ಕೆದಕಿದ ಜಾಗಗಳಲ್ಲಿ ಮುಕ್ಕಾಲು ಪಾಲಲ್ಲಿ ಇದೆ. ಬೂದುಗಪ್ಪು ಬಣ್ಣ, ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ, ಮುಟ್ಟಿದ ತಕ್ಷಣ ಸುರುಳಿ ಸುತ್ತಿಕೊಳ್ತು. ಕಿರುಬೆರಳಿನ ಉದ್ದ ಇರಬಹುದು.

ಕೆಂಪುನೆಲ:
ಸುರುಳಿ ಸುತ್ತಿಕೊಂಡಿತು ಅಂದರೆ ಗೊಣ್ಣೆ ಹುಳುವೇ. ನಾನು ಮೊದಲೇ ಹೇಳಿದ್ದೆ.

ಬೇರುಬಿಳಲು:
ಇಲ್ಲ ಸಾರ್. ಗೊಣ್ಣೆ ಹುಳು ಬೆಳ್ಳಗಿರುತ್ತೆ, ತಲೆ ಕಂದು, ಹಿಂಭಾಗ ಊದಿಕೊಂಡಿರುತ್ತೆ, ಎದೆ ಹತ್ತಿರ 3 ಜೊತೆ ಕಾಲು ಬಿಟ್ಟರೆ ಬೇರೆ ಕಾಲಿಲ್ಲ. ಇದಕ್ಕೆ ಹೊಟ್ಟೆ ಕೆಳಗೆ ಇನ್ನೂ 5 ಜೊತೆ ಮೊಂಡುಗಾಲು ಇರುತ್ತೆ. ಗೊಣ್ಣೆ ಹುಳು ಬೇರು ತಿನ್ನೋದು. ಗಿಡ ನಿಂತಲ್ಲೇ ಬಾಡುತ್ತೆ, ಎಳೆದರೆ ಸಲೀಸಾಗಿ ಕಿತ್ತು ಬರುತ್ತೆ. ಇವರ ಗಿಡದ ಬೇರು ಗಟ್ಟಿಯಾಗಿದೆ.

ಕೆಂಪುನೆಲ:
ಎರಡೂ ಇರಬಹುದಲ್ಲ? ಗೊಬ್ಬರದ ಪ್ರಶ್ನೆಗೆ ಅವರಿನ್ನೂ ಉತ್ತರವೇ ಕೊಟ್ಟಿಲ್ಲ.

ಗಡ್ಡೆಸಾಲು:
ಗೊಬ್ಬರ ಚೆನ್ನಾಗಿ ಕಳಿತದ್ದೇ ಸಾರ್. ಬಿಳಿ ಹುಳು ಒಂದೂ ಸಿಕ್ಕಿಲ್ಲ. ಈಗ ಮುಂದೇನು ಮಾಡಲಿ?

ದೀಪಕಂಬ:
ಸೋಲಾರ್ ದೀಪದ ಬಲೆ ಹಾಕಿ, ಮುಗೀತು. ನನ್ನದು ಕತ್ತಲಾದರೆ ತಾನೇ ಹತ್ತಿಕೊಳ್ಳುತ್ತೆ, ಸರಿರಾತ್ರಿಗೆ ತಾನೇ ಆರುತ್ತೆ. ಕೆಳಗೆ ಸೋಪಿನ ನೀರಿನ ಬೋಗುಣಿ. ಪತಂಗ ರಾಶಿ ರಾಶಿ ಬೀಳುತ್ತೆ.

ಹೊಲದಕ್ಕ:
ದೀಪದ ಬಲೆ ಪತಂಗ ಹಿಡಿಯುತ್ತೆ, ಮಣ್ಣಲ್ಲಿರೋ ಹುಳುವನ್ನಲ್ಲ. ಹೊಲದ ನಡುವೆ ಇಟ್ಟರೆ ಅಕ್ಕಪಕ್ಕದ ಪತಂಗವನ್ನೂ ಕರೆದು ತಂದಂತೆ. ಹೆಣ್ಣು ಪತಂಗದ ವಾಸನೆ ಇಟ್ಟು ಸೆಳೆಯುವ ಲಿಂಗಾಕರ್ಷಕ ಬಲೆ ಒಳ್ಳೇದು, ಅದೂ ನಾಟಿಗೆ ಮುಂಚೆಯೇ, ಯಾವಾಗ ಪತಂಗ ಬರ್ತಿದೆ ಅಂತ ತಿಳಿಯೋಕೆ.

ದೀಪಕಂಬ:
ನಾನು ಅಂಚಿನಲ್ಲೇ ಇಟ್ಟಿರೋದು ಅಕ್ಕ. ಲಿಂಗಾಕರ್ಷಕ ಬಲೆಗೆ ಬೀಳೋದು ಗಂಡು ಮಾತ್ರ, ದೀಪಕ್ಕೆ ಎರಡೂ ಬರ್ತವೆ.

ಹೊಲದಕ್ಕ:
ದೀಪಕ್ಕೆ ಉಪಕಾರಿ ಕೀಟಗಳೂ ಬಂದು ಸಾಯ್ತವೆ, ಅದನ್ನೂ ಲೆಕ್ಕ ಹಿಡೀರಿ.

ಬೇರುಬಿಳಲು:
ಬಲೆ ವಿಷಯ ಮುಂದಿನ ಬೆಳೆಗೆ ಇಟ್ಕೊಳ್ಳೋಣ, ಇವರ ಹೊಲದಲ್ಲಿ ದಿನಾ ಗಿಡ ಬೀಳ್ತಿದೆ. ಗಡ್ಡೆಸಾಲು ಅಣ್ಣ, ಇವತ್ತಿಂದಲೇ ಶುರು ಮಾಡಿ. ರಾತ್ರಿ ಟಾರ್ಚ್ ಹಿಡಿದು ಸಾಲು ಸಾಲಾಗಿ ಹೋಗಿ, ಕಂಡದ್ದನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಬೆಳಿಗ್ಗೆ ಬಿದ್ದ ಗಿಡದ ಬುಡ ಕೆದಕಿ ತೆಗೀರಿ. ಒಂದೇ ಹುಳು ಹಲವು ಗಿಡ ಉರುಳಿಸುತ್ತೆ, ಹಾಗಾಗಿ ತೆಗೆದ ಪ್ರತಿ ಹುಳುವೂ ಲೆಕ್ಕಕ್ಕೆ ಬರುತ್ತೆ.

ಜಾಗ ದೊಡ್ಡದಿದ್ದರೆ ವಿಷ ಪಾಷಾಣ, ಅಂದರೆ ಹುಳು ತಿಂದು ಸಾಯೋ ವಿಷ ಬೆರೆಸಿದ ತಿಂಡಿ. ತೌಡು 10 ಪಾಲು, ಬೆಲ್ಲ 1 ಪಾಲು, ಬೆಲ್ಲ ಕರಗಿಸಿದ ನೀರಲ್ಲಿ ತೌಡು ಕಲಸಿ. ಹಿಡಿದರೆ ಉಂಡೆ ಆಗಬೇಕು, ಬಿಟ್ಟರೆ ಉದುರಬೇಕು. ಅದಕ್ಕೆ ಆಲೂಗಡ್ಡೆಯಲ್ಲಿ ಈ ಹುಳುವಿಗೆ ಅಂತ ಲೇಬಲ್ಲಿನಲ್ಲಿ ಅನುಮತಿ ಇರುವ ಕೀಟನಾಶಕ ಮಾತ್ರ, ಅಲ್ಲಿ ಬರೆದ ಪ್ರಮಾಣದಲ್ಲೇ. ಕೈಗೆ ಗ್ಲೌಸ್ ಹಾಕಿ. ಸಂಜೆ ಮಣ್ಣು ತೇವ ಮಾಡಿ, ಮುಸ್ಸಂಜೆಗೆ ಬುಡದ ಹತ್ತಿರ ಚೆಲ್ಲಿ. ಬೆಳಿಗ್ಗೆ ಚೆಲ್ಲಿದರೆ ಒಣಗಿ ಗಟ್ಟಿಯಾಗುತ್ತೆ, ಹುಳು ಮೂಸಿಯೂ ನೋಡಲ್ಲ. ನಾಯಿ, ದನ, ಕೋಳಿ ಆ ಕಡೆ ಸುಳಿಯಬಾರದು. ಇದರಲ್ಲಿ ಸ್ವಲ್ಪವೂ ಉದಾಸೀನ ಬೇಡ.

ಹೊಲದಕ್ಕ:
ವಿಷ ಬೇಡ ಅನ್ನುವವರಿಗೆ ಸ್ಟೈನರ್‌ನೆಮಾ, ಅಂದರೆ ಹುಳುವಿನೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಹುಳು, ಸಿಕ್ಕರೆ ಒಳ್ಳೇದು. ಅದನ್ನೂ ಸಂಜೆಯೇ, ಹಸಿ ಮಣ್ಣಿಗೇ ಹಾಕಬೇಕು. ಬಿಟಿ ಅನ್ನೋ ಬ್ಯಾಕ್ಟೀರಿಯಾ ಔಷಧಿ ಮಾತ್ರ ಈಗ ಪ್ರಯೋಜನವಿಲ್ಲ, ಅದು ಎಲೆ ಕೆರೆದು ತಿನ್ನುವ ಚಿಕ್ಕ ಮರಿಗಳಿಗೆ. ಇವು ಬಲಿತಿವೆ.

ಕೆಂಪುನೆಲ:
ಬುಡಕ್ಕೆ ಬೂದಿ ಹಾಕಿದರೆ ಇಷ್ಟೆಲ್ಲ ಬೇಕಾಗಿಲ್ಲ.

ಹೊಲದಕ್ಕ:
ಒಣಗಿರುವವರೆಗೆ ಅಷ್ಟೇ ಸಾರ್. ನೀರು ಬಿದ್ದರೆ ಮುಗೀತು.

ಕೆಂಪುನೆಲ:
ನಮ್ಮಲ್ಲಿ ಕೆಲಸ ಮಾಡಿದೆ. ನೀವು ಮಾಡಿ ನೋಡದೆ ಹೇಳಬೇಡಿ.

ಗಡ್ಡೆಸಾಲು:
ಪಾಷಾಣ ಹಾಕಿದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿಯೂ ಆಯ್ತು. ಬೀಳೋದು ಬಹಳ ಕಮ್ಮಿಯಾಗಿದೆ. ಕತ್ತರಿಸಿದ ಕೆಲವು ಬುಡದಿಂದ ಹೊಸ ಚಿಗುರೂ ಬರ್ತಿದೆ, ಬಿಡಲೋ ಕೀಳಲೋ? ಇನ್ನೊಂದು, ಪಕ್ಕದ ಮಡಿಯಲ್ಲಿ ಮುಂಚೆ ನೆಟ್ಟದ್ದರ ಗಡ್ಡೆ ತೆಗೆದರೆ ತೂತು ಕಾಣ್ತಿದೆ. ಅದೂ ಇದೇ ಹುಳುವಾ?

ಬೇರುಬಿಳಲು:
ಚಿಗುರು ಬಿಡಿ, ಬಿತ್ತನೆ ಗಡ್ಡೆಯಲ್ಲಿ ಸತ್ವ ಇರುವವರೆಗೆ ಗಿಡ ಚೇತರಿಸಿಕೊಳ್ಳುತ್ತೆ. ಬುಡಕ್ಕೆ ಮಣ್ಣು ಏರಿಸುವಾಗ ಬಿರುಕು ಉಳಿಸಬೇಡಿ, ಗಡ್ಡೆ ಕಟ್ಟಿದ ಮೇಲೆ ಹುಳು ಬಿರುಕಲ್ಲೇ ಇಳಿಯೋದು.

ತೂತಿನ ವಿಷಯ ನೋಡದೆ ಹೇಳೋಕಾಗಲ್ಲ. ಅಗಲವಾಗಿ, ಅಡ್ಡಾದಿಡ್ಡಿಯಾಗಿ ಕೆರೆದಿದ್ದರೆ ಇದೇ ಹುಳು ಇರಬಹುದು. ಮೊಳೆ ಹೊಡೆದ ಹಾಗೆ ಸಣ್ಣ ದುಂಡು ತೂತಾದರೆ ತಂತಿ ಹುಳು. ಗಡ್ಡೆಯ ಮೊಳಕೆ ಕಣ್ಣಿನ ಹತ್ತಿರ ಕಪ್ಪು ಹಿಕ್ಕೆ ಕಂಡರೆ ಗಡ್ಡೆ ಪತಂಗ. ಒಂದು ಗಡ್ಡೆ ಅಡ್ಡ ಕೊಯ್ದು ಫೋಟೋ ಹಾಕಿ.

ಕೆಂಪುನೆಲ:
ಗಡ್ಡೆಯಲ್ಲಿ ತೂತು ಇದ್ದರೆ ಗೊಣ್ಣೆ ಹುಳುವನ್ನೂ ಮರೀಬೇಡಿ.

ದೀಪಕಂಬ:
ಫೋಟೋ ಹಾಕುವಾಗ ಪಕ್ಕದಲ್ಲಿ ಸ್ಕೇಲ್ ಇಡಿ. ನನ್ನ ಬಲೆಯ ಫೋಟೋನೂ ಹಾಕ್ತೀನಿ, ಯಾರಿಗಾದರೂ ಅಳತೆ ಬೇಕಿದ್ದರೆ ಕೇಳಿ.