ಗುಡಿಯ ತೂಗುದೀಪ, ಷಾಂಡ್ಲಿಯರ್, ಗರ್ಭಗುಡಿ ಲೈಟು: ಯಾವುದಕ್ಕೆ ಏನು ಹಾಕಿ ತೊಳೆಯೋದು?

ಮಧುಗಿರಿ_ಗುಡಿಸಮಿತಿ:

ಎಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ಹಳ್ಳಿ ಗುಡಿ. ಕಾರ್ತಿಕ ದೀಪೋತ್ಸವಕ್ಕೆ ಮೂರು ವಾರ ಇದೆ. ಅಷ್ಟರೊಳಗೆ ದೀಪ, ಲೈಟು ಎಲ್ಲ ಇಳಿಸಿ ತೊಳೆಯಬೇಕು.

ಸುಕನಾಸಿಯಲ್ಲಿ ಸರಪಳಿಗೆ ತೂಗುಹಾಕಿದ ಹಿತ್ತಾಳೆ ನಂದಾದೀಪ ಎರಡಿವೆ. ಬಟ್ಟಲಿನ ಹೊರಮೈಗೆ ಎಣ್ಣೆ ಹರಿದು ಕರೀ ಅರಗಿನ ಹಾಗೆ ಗಟ್ಟಿಯಾಗಿದೆ. ನವರಂಗದಲ್ಲಿ ಭಕ್ತರು ಕೊಟ್ಟ ಎಂಟು ಬಲ್ಬಿನ ಷಾಂಡ್ಲಿಯರ್ ಇದೆ, ಲೋಲಕಗಳೆಲ್ಲ ಮಂಕು. ಹೋದ ವರ್ಷ ಬೋರ್‌ವೆಲ್ ನೀರಲ್ಲಿ ಒರೆಸಿದ ಮೇಲೆ ಇನ್ನೂ ಬೆಳ್ಳಗಾಯಿತು. ಗರ್ಭಗುಡಿಯಲ್ಲಿ ಗುಂಡು ಗಾಜಿನ ಕವರಿನೊಳಗೆ ಎಲ್‌ಇಡಿ ಬಲ್ಬು, ಮೂರ್ನಾಲ್ಕು ತಿಂಗಳಿಗೊಂದು ಹೋಗುತ್ತೆ.

ಎಲ್ಲದಕ್ಕೂ ಹುಣಸೆಹಣ್ಣೇ ಸಾಕು ಅಂತ ಒಬ್ಬರು, ಪೀತಾಂಬರಿ ಅಂತ ಇನ್ನೊಬ್ಬರು, ಟಾಯ್ಲೆಟ್ ಆಸಿಡ್ ನೀರು ಬೆರೆಸಿ ಹಾಕಿ ಅಂತ ಮತ್ತೊಬ್ಬರು. ತಿಳಿದವರು ಹೇಳಿ.

ಹಿತ್ತಾಳೆ_ಕಂಚು:

ಆಸಿಡ್ ಮಾತ್ರ ಗುಡಿ ಬಾಗಿಲು ದಾಟಬಾರದು. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ್ದು. ಆಸಿಡ್ ಮೊದಲು ಸತುವನ್ನು ತಿನ್ನುತ್ತೆ, ತಾಮ್ರ ಉಳಿದು ದೀಪದ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಆ ಗುಲಾಬಿ ಕಲೆ ತೊಳೆದರೆ ಹೋಗಲ್ಲ, ಉಜ್ಜಿ ಸವೆಸಿಯೇ ತೆಗೆಯಬೇಕು. ಹುಣಸೆಹುಳಿಯನ್ನು ರಾತ್ರಿಯಿಡೀ ಹಚ್ಚಿಟ್ಟರೂ ಇದೇ ಗತಿ, ಸ್ವಲ್ಪ ನಿಧಾನ ಅಷ್ಟೆ.

ನಿಮ್ಮ ದೀಪದ ಮೇಲಿರುವುದು ಎರಡು ಬೇರೆ ಬೇರೆ ಕೊಳೆ. ಮೇಲಿನ ಕರೀ ಅರಗು ಎಣ್ಣೆ. ಎಳ್ಳೆಣ್ಣೆ ಬಿಸಿಗೆ, ಗಾಳಿಗೆ ಸಿಕ್ಕಿ ದಿನಾ ಒಂದೊಂದು ಪದರ ವಾರ್ನಿಷ್‌ನಂತೆ ಗಟ್ಟಿಯಾಗುತ್ತೆ, ಅದರೊಳಗೆ ಮಸಿ ಸೇರಿಕೊಳ್ಳುತ್ತೆ. ಅದರ ಕೆಳಗಿರುವುದು ಲೋಹದ ಕಿಲುಬು. ಹುಳಿ ಕಿಲುಬನ್ನು ಬಿಡಿಸುತ್ತೆ, ಎಣ್ಣೆಯನ್ನು ಮುಟ್ಟುವುದೇ ಇಲ್ಲ. ಜಿಡ್ಡಿನ ಮೇಲೆ ಹುಣಸೆ ತಿಕ್ಕಿ ತಿಕ್ಕಿ ಕೈ ನೋಯಿಸಿಕೊಂಡು, ಕೊನೆಗೆ ಆಸಿಡ್ ಬಾಟಲಿ ಹುಡುಕುವುದು ಇದಕ್ಕೇ.

ಹಾಗಾಗಿ ಮೊದಲು ಜಿಡ್ಡು. ಉಳಿದ ಎಣ್ಣೆ, ಗಸಿ ಬಸಿದು ಹಳೇ ಬಟ್ಟೆಯಿಂದ ಒರೆಸಿ. ಬಕೆಟ್ಟಿನಲ್ಲಿ ಕೈ ತಡೆಯದಷ್ಟು ಬಿಸಿನೀರು 5 ಲೀಟರ್, ಅದಕ್ಕೆ ವಾಷಿಂಗ್ ಸೋಡಾ 250 ಗ್ರಾಂ. ಅಡುಗೆ ಸೋಡಾ ಅಲ್ಲ, ಅಗಸರು ಹಾಕುವ ಸೋಡಾ. ಬಟ್ಟಲು ಅರ್ಧ ಗಂಟೆ ಮುಳುಗಿರಲಿ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಈ ನೀರು ಚರ್ಮ ಸುಡುತ್ತೆ. ಅರಗು ಮೆತ್ತಗಾದ ಮೇಲೆ ಬಿದಿರಿನ ಚಕ್ಕೆಯಿಂದ ಕೆರೆದರೆ ಸಿಪ್ಪೆ ಎದ್ದ ಹಾಗೆ ಬರುತ್ತೆ. ಚಾಕು, ಸ್ಟೀಲ್ ನಾರು ಬೇಡ. ಒಂದು ಸಲಕ್ಕೆ ಬಿಡದಿದ್ದರೆ ನೀರು ಬದಲಿಸಿ ಇನ್ನೊಮ್ಮೆ ನೆನೆಸಿ, ಜೋರು ಮಾಡಬೇಡಿ.

ಒಲೆಯ ಮೇಲಿಟ್ಟು ಜಿಡ್ಡು ಸುಡುವ ಅಭ್ಯಾಸ ಕೆಲವು ಕಡೆ ಇದೆ. ಹಳೇ ತೂಗುದೀಪಗಳ ಬಟ್ಟಲು, ಕಾಂಡ ಕೂಡುವ ಜಾಗದಲ್ಲಿ ಸೀಸ–ತವರದ ಬೆಸುಗೆ ಇರುತ್ತೆ, ಅದು 200 ಡಿಗ್ರಿಯ ಒಳಗೇ ಕರಗುತ್ತೆ. ದೀಪ ಸೋರಲು ಶುರುವಾಗುವುದು ಹಾಗೆ.

ಆಮೇಲೆ ಹುಣಸೆ. ಎರಡು ದೀಪಕ್ಕೆ 100 ಗ್ರಾಂ ಹಳೇ ಹುಣಸೆ, 300 ಮಿ.ಲೀ. ಬೆಚ್ಚನೆ ನೀರಲ್ಲಿ ಕಿವುಚಿ, ಒಂದು ಚಮಚ ಉಪ್ಪು. ಹಚ್ಚಿ ಮೂರರಿಂದ ಐದು ನಿಮಿಷ, ತೆಂಗಿನ ನಾರಿನಿಂದ ಉಜ್ಜಿ, ತಕ್ಷಣ ತೊಳೆಯಿರಿ. ಇಡೀ ದೀಪಕ್ಕೆ ಒಟ್ಟಿಗೆ ಬಳಿಯಬೇಡಿ, ಒಂದು ಕಡೆ ಉಜ್ಜುವಷ್ಟರಲ್ಲಿ ಇನ್ನೊಂದು ಕಡೆ ಒಣಗಿ ಪಟ್ಟೆ ಬೀಳುತ್ತೆ. ಕೊನೆಗೆ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಜಾಲಿಸಿ. ಕೆತ್ತನೆಯ ಸಂದಿಯಲ್ಲಿ ಹುಳಿ ಉಳಿದರೆ ಎರಡೇ ದಿನದಲ್ಲಿ ಹಸಿರು ಬರುತ್ತೆ. ತೊಳೆದ ನೀರು ತಾನಾಗಿ ಆರಲು ಬಿಡದೆ ಹಳೇ ಪಂಚೆಯಿಂದ ಒರೆಸಿ ಬಿಸಿಲಿಗಿಡಿ.

ಪೀತಾಂಬರಿ ತಪ್ಪಲ್ಲ, ನುಣುಪು ಮೈಗೆ ಸಲೀಸು. ಸಣ್ಣ ಕೆತ್ತನೆ ಇದ್ದರೆ ಪುಡಿ ಸಂದಿಯಲ್ಲಿ ಬೆಳ್ಳಗೆ ಕೂರುತ್ತೆ, ಹಲ್ಲುಜ್ಜುವ ಹಳೇ ಬ್ರಷ್ ಬೇಕಾಗುತ್ತೆ. ರಂಗೋಲಿ ಪುಡಿ ಹಾಕಿ ಉಜ್ಜಬೇಡಿ, ಅದು ಕಲ್ಲಿನ ಪುಡಿ, ಗೀರು ಬೀಳುತ್ತೆ.

ದೀಪ ಕೆಳಗಿರುವಾಗಲೇ ಸರಪಳಿ ನೋಡಿ. ಕೊಂಡಿಗೆ ಕೊಂಡಿ ತಾಗುವ ಒಳಮೈಯಲ್ಲಿ ಸವೆತ ಇರುತ್ತೆ, ಹೊರಗಿನಿಂದ ಕಾಣಲ್ಲ. ಸರಪಳಿ ಸಡಿಲ ಬಿಟ್ಟು ಒಂದೊಂದು ಕೊಂಡಿಯನ್ನೂ ಮಗುಚಿ ನೋಡಬೇಕು. ದಪ್ಪದಲ್ಲಿ ಕಾಲು ಭಾಗ ಸವೆದಿದ್ದರೆ ಬದಲಿಸಿ. ಛಾವಣಿಯ ಕೊಕ್ಕೆ ಕಬ್ಬಿಣದ್ದು, ಸರಪಳಿ ಹಿತ್ತಾಳೆಯದು ಆಗಿದ್ದರೆ ಕೂಡುವ ಜಾಗದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಅಲ್ಲಿ ವಿಶೇಷ ಗಮನ ಇರಲಿ.

ಚಿಂತಾಮಣಿ_ವೈರಿಂಗ್:

ಹಿತ್ತಾಳೆ ವಿಚಾರ ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಆ ವಾಷಿಂಗ್ ಸೋಡಾ ನೀರನ್ನು ಎಲ್‌ಇಡಿ ಪ್ಯಾನೆಲ್, ಫೋಕಸ್ ಲೈಟಿನ ಬಾಡಿಗೆ ತಾಗಿಸಬೇಡಿ. ಅದು ಅಲ್ಯೂಮಿನಿಯಂ. ಸೋಡಾ ಅದನ್ನು ತಿಂದು ಕಪ್ಪು ಮಾಡುತ್ತೆ.

ಗರ್ಭಗುಡಿ ಬಲ್ಬು ಯಾಕೆ ಹೋಗುತ್ತೆ ಅಂದರೆ ಶಾಖ. ಎಲ್‌ಇಡಿ ಬಲ್ಬಿನ ಬುಡದಲ್ಲಿ ಡ್ರೈವರ್ (ಕರೆಂಟನ್ನು ಎಲ್‌ಇಡಿಗೆ ಒಗ್ಗಿಸಿ ಕೊಡುವ ಸರ್ಕ್ಯೂಟ್) ಇರುತ್ತೆ, ಅದರ ಕೆಪಾಸಿಟರ್ ಬಿಸಿಗೆ ಒಣಗಿ ಸಾಯುತ್ತೆ. ಕಿಟಕಿ ಇಲ್ಲದ ಕೋಣೆ, ದೀಪದ ಬಿಸಿ, ಅದರ ಮೇಲೆ ಮುಚ್ಚಿದ ಗಾಜಿನ ಗುಂಡು, ಗುಂಡಿನ ಮೇಲೆ ಕರ್ಪೂರದ ಮಸಿ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. 9 ವಾಟ್ ಇದ್ದರೆ 5ಕ್ಕೆ ಇಳಿಸಿ, ಅಷ್ಟು ಸಣ್ಣ ಕೋಣೆಗೆ ಅದು ಧಾರಾಳ. ಗುಂಡು ತೆಗೆದು ಐಪಿ 65 ಬಲ್ಕ್‌ಹೆಡ್ ಲೈಟು (ಧೂಳು, ನೀರು ಒಳಹೋಗದ ಹಾಗೆ ಮುಚ್ಚಿದ ಲೈಟು) ಪಕ್ಕದ ಗೋಡೆಗೆ ಹಾಕಿ, ಮಂಗಳಾರತಿ ತಟ್ಟೆ ಎತ್ತುವ ಜಾಗದ ನೇರ ಮೇಲೆ ಬೇಡ. ಬಣ್ಣ 2700 ಅಥವಾ 3000 ಕೆಲ್ವಿನ್, ಅಂದರೆ ಹಳದಿ ಛಾಯೆಯದು ತಗೊಳ್ಳಿ. 6500ರ ಬಿಳಿ ಬೆಳಕು ಎಣ್ಣೆ ಹಚ್ಚಿದ ಕಪ್ಪು ಶಿಲೆಯ ಮೇಲೆ ಬಿದ್ದರೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತೆ. ಇದು ನನ್ನ ಅಭಿಪ್ರಾಯ.

ಕವರ್ ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ, ಕೂದಲೆಳೆಯಂಥ ಬಿರುಕು ಬಿಡುತ್ತೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಒದ್ದೆ ಬಟ್ಟೆ, ಸಾಕು. ಮೊದಲೇ ಒಣ ಬಟ್ಟೆಯಲ್ಲಿ ತಿಕ್ಕಿದರೆ ಮಸಿ ಹರಡುತ್ತೆ ಅಷ್ಟೆ, ಪ್ಲಾಸ್ಟಿಕ್‌ಗೆ ಗೀರೂ ಬೀಳುತ್ತೆ. ಮಳೆಗಾಲದಲ್ಲಿ ಹೊರಗಿನ ಲೈಟುಗಳೊಳಗೆ ಈಸಲ ಹುಳು ತುಂಬಿರುತ್ತೆ. ಬಿಚ್ಚಿ ಕೊಡವಿ, ವೈರ್ ಒಳಹೋಗುವ ತೂತಿಗೆ ರಬ್ಬರ್ ಗ್ಲ್ಯಾಂಡ್ ಹಾಕಿ.

ಕೈ ಹಾಕುವ ಮುಂಚೆ: ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಗುಡಿ ವೈರಿಂಗಿನಲ್ಲಿ ಸ್ವಿಚ್ ನ್ಯೂಟ್ರಲ್‌ಗೆ ಹಾಕಿರುವುದು ಬೇಕಾದಷ್ಟು ಕಡೆ ಇದೆ, ಲೈಟು ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತೆ. ಮೇನ್ ಇಳಿಸಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ಆನ್ ಆಗಿ ಅದೇ ಲೈನಿಗೆ ಕರೆಂಟ್ ಕೊಡುತ್ತೆ, ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಟೆಸ್ಟರ್ ಹಿಡಿದು ಹೋಲ್ಡರಿನ ಎರಡೂ ಪಿನ್ ನೋಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪಾಯಿಂಟಿನಲ್ಲಿ ಹಚ್ಚಿ ನೋಡಿರಬೇಕು, ಕೆಟ್ಟ ಟೆಸ್ಟರೂ ಉರಿಯಲ್ಲ.

ಮಳೆಗಾಲದಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಅದನ್ನು ಬೈಪಾಸ್ ಮಾಡಬೇಡಿ. ಹೋಲ್ಡರ್ ಒಳಗಿನ ಮಸಿ ಮತ್ತು ಜಿಡ್ಡು ತೇವ ಹೀರಿಕೊಂಡರೆ ಅದರ ಮೂಲಕ ಕರೆಂಟ್ ಸೋರುತ್ತೆ. ಹೋಲ್ಡರ್ ಬದಲಿಸಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ದೀಪೋತ್ಸವಕ್ಕೆ ಮುಂಚೆ ಹಾಕಿಸಿ. ಸೀರಿಯಲ್ ಸೆಟ್ಟನ್ನು ತೂಗುದೀಪದ ಸರಪಳಿಗೆ ಸುತ್ತುವುದಂತೂ ಬೇಡವೇ ಬೇಡ. ವೈರಿನ ತೊಗಲು ಸುಲಿದರೆ ದೀಪಕ್ಕೆ ಎಣ್ಣೆ ಹಾಕುವ ಅರ್ಚಕರಿಗೆ ಶಾಕ್.

ಏಣಿ ಬಿದಿರಿನದು ಅಥವಾ ಫೈಬರ್. ಅಲ್ಯೂಮಿನಿಯಂ ಬೇಡ. ಎಣ್ಣೆ ಬಿದ್ದ ಕಲ್ಲು ನೆಲ ಜಾರುತ್ತೆ, ಏಣಿಯ ಕಾಲಿಗೆ ಒದ್ದೆ ಗೋಣಿಚೀಲ ಹಾಸಿ, ಒಬ್ಬರು ಹಿಡಿದಿರಲಿ.

ಮಧುಗಿರಿ_ಗುಡಿಸಮಿತಿ:

ಇಬ್ಬರಿಗೂ ಧನ್ಯವಾದ. ಷಾಂಡ್ಲಿಯರ್ ಚೌಕಟ್ಟು ಹಿತ್ತಾಳೆಯದೇ ಅಂತ ಕೊಟ್ಟವರು ಹೇಳಿದ್ದರು, ಅದಕ್ಕೂ ಹುಣಸೆ ಹಚ್ಚಬಹುದಾ? ಲೋಲಕ ಬಿಚ್ಚದೆ ಹಾಗೇ ಸ್ಪ್ರೇ ಹೊಡೆದು ಒರೆಸುವ ಲಿಕ್ವಿಡ್ ಸಿಗುತ್ತಂತೆ, ಹೇಗೆ?

ಹಿತ್ತಾಳೆ_ಕಂಚು:

ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಬಣ್ಣದ ಲೇಪ. ಅಂಟದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹುಣಸೆ ರಸ ಬಿಟ್ಟು ಎರಡು ನಿಮಿಷ ಬಿಟ್ಟು ಒರೆಸಿ. ಆ ಚುಕ್ಕೆ ಬೆಳಗಿದರೆ ಬರೀ ಹಿತ್ತಾಳೆ. ಏನೂ ಆಗದಿದ್ದರೆ ಮೇಲೆ ಲ್ಯಾಕರ್ (ಹೊಳಪು ಉಳಿಯಲು ಬಳಿದ ಪಾರದರ್ಶಕ ವಾರ್ನಿಷ್) ಇದೆ. ಲ್ಯಾಕರ್‌ಗೂ ಲೇಪಕ್ಕೂ ಹುಳಿ, ಪುಡಿ ಯಾವುದೂ ಬೇಡ, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಅಷ್ಟೇ.

ಗಾಜು_ಲೋಲಕ_ಕೋಲಾರ:

ಸ್ಪ್ರೇ ಬೇಡ ಸರ್. ಮೂರು ಕಾರಣ. ಅವುಗಳಲ್ಲಿ ಬಹಳಷ್ಟು ಸ್ಪಿರಿಟ್ ಬೆರೆಸಿದವು, ನಿಮ್ಮ ನಂದಾದೀಪ ಹತ್ತು ಅಡಿ ದೂರದಲ್ಲಿ ಉರೀತಿರುತ್ತೆ. ಎರಡನೆಯದು, ದ್ರವ ಇಳಿದು ಹೋಲ್ಡರಿಗೆ ಹೋಗುತ್ತೆ. ಮೂರನೆಯದು, ಬರೀ ಧೂಳಿಗೆ ಮಾಡಿದ ಲಿಕ್ವಿಡ್ ಅದು, ಎಣ್ಣೆ ಹೊಗೆಯ ಜಿಡ್ಡು ಅದಕ್ಕೆ ಬಗ್ಗಲ್ಲ.

ಹೋದ ವರ್ಷ ಬೆಳ್ಳಗಾಗಿದ್ದಕ್ಕೆ ನಿಮ್ಮ ಬೋರ್‌ವೆಲ್ ನೀರೇ ಕಾರಣ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ನಿಮ್ಮ ಕಡೆ ಪಾವಗಡ, ಮಧುಗಿರಿ ಎಲ್ಲ ಗಡಸು ನೀರಿನ ಸೀಮೆ. ಒಂದು ಲೋಲಕ ಕೈಲಿ ಹಿಡಿದು ನೋಡಿ: ಮೇಲೆಲ್ಲ ತಿಳಿಯಾಗಿದ್ದು, ಕೆಳಗಿನ ಮೊನೆಯಲ್ಲಿ ಮಾತ್ರ ಬೆಳ್ಳನೆ ಉಂಗುರ ಇರುತ್ತೆ. ಕೊನೇ ಹನಿ ಅಲ್ಲಿ ನಿಂತು ಆರಿ ಸುಣ್ಣ ಬಿಟ್ಟುಹೋಗಿದೆ.

ಬಿಚ್ಚುವುದೇ ದಾರಿ. ಎಂಟು ಬಲ್ಬಿನದಕ್ಕೆ ಇಬ್ಬರು ಕೂತರೆ ಒಂದು ದಿನದ ಕೆಲಸ. ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ, ತೋಳುಗಳಿಗೆ 1ರಿಂದ 8 ಚೀಟಿ ಅಂಟಿಸಿ, ಕೆಳಗೆ ದಪ್ಪ ಜಮಖಾನ ಹಾಸಿ. ಒಂದೇ ಪಕ್ಕದಿಂದ ಬಿಚ್ಚುತ್ತಾ ಹೋಗಬೇಡಿ, ಭಾರ ತಪ್ಪಿ ಚೌಕಟ್ಟು ವಾಲುತ್ತೆ. 1ರದ್ದು ತೆಗೆದರೆ ಎದುರಿನ 5ರದ್ದು, 2 ಆದ ಮೇಲೆ 6. ಕೈಗೆ ಎಟಕುವ ಹಾಗೆ ಷಾಂಡ್ಲಿಯರನ್ನೇ ತಿರುಗಿಸುವುದೂ ಬೇಡ, ಮೇಲಿನ ತಿರುಪು ಬಿಚ್ಚಿಕೊಳ್ಳುತ್ತೆ, ಒಳಗಿನ ವೈರ್ ಮುರುಟುತ್ತೆ. ನೀವೇ ಏಣಿ ಸರಿಸಿ.

ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆ ನೀರು 5 ಲೀಟರ್, ಪಾತ್ರೆ ಲಿಕ್ವಿಡ್ ಎರಡು ಚಮಚ. ಹತ್ತು ಹನ್ನೆರಡೇ ಲೋಲಕ ಒಂದು ಸಲಕ್ಕೆ, ರಾಶಿ ಹಾಕಿದರೆ ಅಂಚು ಚಕ್ಕೆ ಏಳುತ್ತೆ. ಬಿಸಿನೀರಿಂದ ತೆಗೆದು ತಣ್ಣೀರಿಗೆ ಹಾಕಬೇಡಿ, ಬಿರುಕು ಬಿಡುತ್ತೆ. ಸೋಪು ಕಳೆಯಲು ಊರಿನ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನು ಎರಡು ತನ್ನಿ. ಕೊನೇ ಮುಳುಗಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್. ಇದರಲ್ಲಿ ಅದ್ದಿ ತೆಗೆದರೆ ಆರಿದ ಮೇಲೆ ಕಲೆ ಉಳಿಯಲ್ಲ. ಆದರೂ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡಿ, ಆಮೇಲೆ ಹತ್ತಿ ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಈಗಾಗಲೇ ಕೂತಿರುವ ಸುಣ್ಣಕ್ಕೆ ಬಿಳಿ ವಿನಿಗರ್ ಅರ್ಧ, ನೀರು ಅರ್ಧ, ಹದಿನೈದು ನಿಮಿಷ. ಪಿನ್ನು, ಕೊಕ್ಕೆ ಬಿಚ್ಚಿದ ಬರೀ ಗಾಜಿಗೆ ಮಾತ್ರ, ಇಲ್ಲದಿದ್ದರೆ ಪಿನ್ನಿನ ಲೇಪ ಎದ್ದುಹೋಗುತ್ತೆ. ವಿನಿಗರ್ ಆದ ಮೇಲೂ ಮಂಜು ಉಳಿದರೆ ಅದು ಸುಣ್ಣ ಅಲ್ಲ, ಗಾಜಿನ ಮೈಯೇ ಸವೆದಿದೆ. ಅದಕ್ಕೆ ಮದ್ದಿಲ್ಲ. ಅಂಥವನ್ನು ಗೋಡೆ ಕಡೆಗೆ ಬರುವ ಹಾಗೆ ಹಾಕಿ. ತುಕ್ಕು ಹಿಡಿದ ಪಿನ್ನಿನ ಬದಲು 0.8 ಮಿ.ಮೀ. ಹಿತ್ತಾಳೆ ತಂತಿ ಬಗ್ಗಿಸಿಕೊಂಡರೆ ಆಯಿತು.

ಮತ್ತೆ ತೂಗುಹಾಕುವಾಗ ಮೇಲಿನ ಕೊಕ್ಕೆಯ ಜೊತೆಗೆ 4 ಮಿ.ಮೀ. ಸ್ಟೀಲ್ ರೋಪನ್ನು ಬೇರೆಯದೇ ಕೊಕ್ಕೆಗೆ ಸಿಕ್ಕಿಸಿ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತೆ. ಕಲ್ಲು ಛಾವಣಿಗೆ ಹೊಸ ತೂತು ಕೊರೆಯುವ ಮುಂಚೆ ಮಾತ್ರ ಯೋಚಿಸಿ. ನಂದಿಯ ಭೋಗನಂದೀಶ್ವರ, ಕೋಲಾರದ ಸೋಮೇಶ್ವರನ ಗುಡಿಗಳ ಹಾಗೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅನುಮತಿ ಇಲ್ಲದೆ ಮೊಳೆ ಕೂಡ ಹೊಡೆಯುವಂತಿಲ್ಲ. ಛಾವಣಿಯಲ್ಲಿ ಸೀಬಿ ನರಸಿಂಹಸ್ವಾಮಿ ಗುಡಿಯಲ್ಲಿರುವಂಥ ಹಳೇ ಚಿತ್ರ ಇದ್ದರೆ, ಲೈಟಿನ ಸುತ್ತಲ ಮಸಿ ಒರೆಸಲೂ ಹೋಗಬೇಡಿ. ಮಸಿ ಜೊತೆ ಬಣ್ಣವೂ ಬರುತ್ತೆ.

ಅರ್ಚಕ_ಶಿರಾ:

ಕೆಲಸದ ಹೊತ್ತು ಹೀಗಿಟ್ಟುಕೊಳ್ಳಿ: ಮಧ್ಯಾಹ್ನದ ಮಹಾಮಂಗಳಾರತಿ ಆಗಿ ಬಾಗಿಲು ಹಾಕಿದ ಮೇಲೆ, ಸಂಜೆ ಪೂಜೆಗೆ ಮುಂಚೆ. ನಂದಾದೀಪ ಆರಿಸುವುದು ಬೇಡ. ಅರ್ಚಕರು ಕಾಲುದೀಪಕ್ಕೆ ಆ ಜ್ಯೋತಿ ಹಚ್ಚಿ ಒಳಗಿಟ್ಟುಕೊಳ್ಳಲಿ, ಆಮೇಲೆ ತೂಗುದೀಪ ಇಳಿಸಿ. ಎರಡನ್ನೂ ಒಂದೇ ದಿನ ಇಳಿಸದೆ ದಿನಕ್ಕೊಂದರಂತೆ ಮಾಡಿದರೆ ಇದೂ ಬೇಕಾಗಲ್ಲ. ಗರ್ಭಗುಡಿ ಲೈಟಿಗೆ ವೈರಿಂಗಿನವರು ಒಳಗೆ ಬರುವ ಪದ್ಧತಿ ಇಲ್ಲದಿದ್ದರೆ, ಕನೆಕ್ಷನ್ನನ್ನು ಹೊಸಿಲಿನ ಹೊರಗೆ ಪಿನ್ ಟಾಪ್ ಮತ್ತು ಸಾಕೆಟ್ ಮಾಡಿಸಿಕೊಂಡರೆ ಅರ್ಚಕರೇ ಲೈಟು ಕಳಚಿ ಹೊರಗೆ ತಂದುಕೊಡಬಹುದು.

ಮಸಿ ಹುಟ್ಟುವ ಕಡೆಯೂ ನೋಡಿ. ಬತ್ತಿ ದಪ್ಪ ಇದ್ದರೆ, ಜ್ವಾಲೆ ಒಂದು ಅಂಗುಲ ಮೀರಿದರೆ ಹೊಗೆ. ತುದಿಯ ಕರಕು ದಿನಾ ಚಿವುಟಿ. ನಂದಾದೀಪದ ಒಂದಡಿ ಮೇಲೆ ಅದೇ ಸರಪಳಿಗೆ ಹಿತ್ತಾಳೆ ತಟ್ಟೆ ಬೋರಲು ಸಿಕ್ಕಿಸಿದರೆ ಛಾವಣಿಗೆ ಹೋಗುವ ಮಸಿ ಬಹುಪಾಲು ಅಲ್ಲೇ ಹಿಡಿಯುತ್ತೆ. ವಾರಕ್ಕೊಮ್ಮೆ ತಟ್ಟೆ ಒರೆಸಿದರೆ ಆಯಿತು. ಗರ್ಭಗುಡಿಯೊಳಗೆ ಕರ್ಪೂರದ ಬದಲು ತುಪ್ಪದ ಬತ್ತಿಯ ಆರತಿ, ಕರ್ಪೂರ ಹೊರಗೆ ಮುಖಮಂಟಪದಲ್ಲಿ ಅಂತ ಕೆಲವು ಗುಡಿಗಳಲ್ಲಿ ಮಾಡಿಕೊಂಡಿದ್ದಾರೆ.

ಮಧುಗಿರಿ_ಗುಡಿಸಮಿತಿ:

ಅಯಸ್ಕಾಂತ ಹಿಡಿದು ನೋಡಿದೆವು, ಷಾಂಡ್ಲಿಯರ್ ಚೌಕಟ್ಟಿಗೆ ಗಟ್ಟಿಯಾಗಿ ಅಂಟಿತು. ಹುಣಸೆ ಇಲ್ಲ, ಸೋಪಿನ ನೀರೇ. ಲೋಲಕ ಎಣಿಸಿದರೆ 96 ಇವೆ. ಬ್ಯಾಟರಿ ನೀರು 5 ಲೀಟರಿನದು ಒಂದೇ ಕ್ಯಾನು ಸಾಕಾ?

ಗಾಜು_ಲೋಲಕ_ಕೋಲಾರ:

ಸಾಕು. ಅಗಲ ಪಾತ್ರೆ ಬೇಡ, ಎರಡು ಲೀಟರಿನ ಡಬ್ಬಿಯಲ್ಲಿ ಅರ್ಧ ತುಂಬಿಸಿ ಅದ್ದಿ. ಮೂವತ್ತು ಲೋಲಕಕ್ಕೊಮ್ಮೆ ನೀರು ಬದಲಿಸಿ. ನೊರೆ ಕಂಡರೆ ಅದಕ್ಕೂ ಮುಂಚೆಯೇ.