ಬೆನ್ನುಹುರಿಯೊಳಗೆ ನೀರು ತುಂಬಿದೆ, ಶಸ್ತ್ರಚಿಕಿತ್ಸೆ ತಲೆಯ ಹಿಂದೆ ಏಕೆ?

ಪ್ರಶ್ನೆ (ಕಾಪುವಿನಿಂದ ಒಬ್ಬ ತಂದೆ):
ಒಂಬತ್ತು ವರ್ಷದ ಮಗಳಿಗೆ ಎಣ್ಣೆ ಹಚ್ಚುವಾಗ ಬೆನ್ನಿನ ಒಂದು ಬದಿ ಉಬ್ಬಿರುವುದು ನನ್ನ ಪತ್ನಿಯ ಕೈಗೆ ಸಿಕ್ಕಿತು. ಎಂಆರ್‌ಐ ಮಾಡಿಸಿದಾಗ, ಕಿರುಮೆದುಳಿನ ತುದಿ ತಲೆಬುರುಡೆಯ ರಂಧ್ರದಿಂದ 9 ಮಿ.ಮೀ. ಕೆಳಗಿಳಿದಿದೆ, ಬೆನ್ನುಹುರಿಯೊಳಗೆ ನೀರು ತುಂಬಿದ ಉದ್ದನೆಯ ಪೊಳ್ಳಿದೆ ಎಂದು ವರದಿ ಬಂತು. ಕತ್ತಿನ ಹಿಂದೆ ಮೂಳೆ ತೆಗೆಯಬೇಕೆನ್ನುತ್ತಾರೆ. ಆ ನೀರನ್ನೇ ನೇರವಾಗಿ ತೆಗೆಯಬಾರದೇ?

ಉತ್ತರ (ಮಂಗಳೂರಿನ ನಿವೃತ್ತ ನರಶಸ್ತ್ರಚಿಕಿತ್ಸಕ):
ತಮ್ಮ ಸಂಶಯ ಸಹಜವಾದದ್ದು. ಮಳೆಗಾಲದಲ್ಲಿ ಅಳಿವೆಬಾಯಿ ಮರಳಿನಿಂದ ಕಟ್ಟಿಕೊಂಡರೆ ಗದ್ದೆಯ ನೀರನ್ನು ಪಂಪು ಹಚ್ಚಿ ಎಷ್ಟು ಎತ್ತಿದರೂ ಮತ್ತೆ ತುಂಬುತ್ತದೆಯಲ್ಲವೇ? ಇಲ್ಲಿಯೂ ಕೆಳಗಿಳಿದ ಕಿರುಮೆದುಳಿನ ತುದಿ (ಕಿಯಾರಿ ಒಂದನೆಯ ವಿಧ) ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿಯುವ ದ್ರವಕ್ಕೆ ಅಡ್ಡವಾಗಿರುವುದರಿಂದ ಹುರಿಯೊಳಗೆ ಪೊಳ್ಳು ಬೆಳೆಯುತ್ತದೆ. ಆದ್ದರಿಂದ ತಲೆಬುರುಡೆಯ ಹಿಂಭಾಗದ ಸ್ವಲ್ಪ ಮೂಳೆಯನ್ನೂ ಮೊದಲ ಕತ್ತುಮಣಿಯ ಹಿಂದಿನ ಕಮಾನನ್ನೂ ತೆಗೆದು ದಾರಿ ಬಿಡಿಸುತ್ತಾರೆ. ಹಲವೊಮ್ಮೆ ಮೆದುಳು-ಹುರಿಯನ್ನು ಸುತ್ತಿದ ಹೊರಪೊರೆಯನ್ನೂ ಬಿಡಿಸಿ, ತೇಪೆ ಹೊಲಿದು ಅಗಲಿಸುತ್ತಾರೆ. ಪೊರೆ ಬಿಡಿಸದಿದ್ದರೆ ದ್ರವ ಸೋರುವ, ಸೋಂಕು ತಗಲುವ ಅಪಾಯ ಕಡಿಮೆ, ಆದರೆ ಮರುಶಸ್ತ್ರಚಿಕಿತ್ಸೆಯ ಸಂಭವ ಹೆಚ್ಚು. ಪೊಳ್ಳಿಗೇ ನಳಿಕೆ ಇಡುವುದು ಹುರಿಯನ್ನೇ ಸೀಳುವ ಕೆಲಸವಾದ್ದರಿಂದ ಅದನ್ನು ಸಾಮಾನ್ಯವಾಗಿ ಕೊನೆಗೆ ಇಟ್ಟುಕೊಳ್ಳುತ್ತಾರೆ.

ಉತ್ತರ (ಕುಂದಾಪುರದ ಒಬ್ಬ ತಾಯಿ):
ನನ್ನ ಮಗನಿಗೂ ಇದೇ ಶಸ್ತ್ರಚಿಕಿತ್ಸೆಯಾಗಿದೆ. ಅದಕ್ಕೆ ಮೊದಲು ಅವನು ಆಗಷ್ಟೇ ಇಳಿಸಿದ ಗಂಜಿಯ ಸ್ಟೀಲ್ ಬಟ್ಟಲನ್ನು ಎಡಗೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದ, ಬಿಸಿ ತಿಳಿಯುತ್ತಿರಲಿಲ್ಲ. ನಾವು ಅದನ್ನು ಗಟ್ಟಿತನವೆಂದುಕೊಂಡಿದ್ದೆವು. ಪೊಳ್ಳು ಈಗ ಕಿರಿದಾಗಿದೆ, ಆದರೆ ಆ ಕೈಗೆ ಬಿಸಿಯ ಅರಿವು ಪೂರ್ತಿ ಮರಳಿಲ್ಲ. ಹೀಗೆ ಒಂದು ಬದಿ ಉಬ್ಬಿ ಕಾಣುವ ಬೆನ್ನಿನ ಡೊಂಕು ತಾನಾಗಿ ಸರಿಹೋಗುವುದೇ, ಸರ್?

ಉತ್ತರ (ಮಂಗಳೂರಿನ ನಿವೃತ್ತ ನರಶಸ್ತ್ರಚಿಕಿತ್ಸಕ):
ಅಮ್ಮಾ, ಡೊಂಕು ಹೆಚ್ಚಿಲ್ಲದ ಚಿಕ್ಕ ಮಕ್ಕಳಲ್ಲಿ ಅದು ನಿಲ್ಲುವುದೂ ತುಸು ಇಳಿಯುವುದೂ ಉಂಟು; ದೊಡ್ಡ ಡೊಂಕಿಗೆ ಮೂಳೆತಜ್ಞರ ಚಿಕಿತ್ಸೆ ಬೇಕಾದೀತು. ಕಳೆದುಹೋದ ಸ್ಪರ್ಶಜ್ಞಾನ ಎಲ್ಲವೂ ಮರಳುವುದಿಲ್ಲ, ಆದ್ದರಿಂದಲೇ ನರಗಳು ಸೊರಗುವ ಮೊದಲೇ ಶಸ್ತ್ರಚಿಕಿತ್ಸೆ ಮಾಡುವುದು ಮೇಲು. ಪೊಳ್ಳು ಕುಗ್ಗಲು ತಿಂಗಳುಗಳೇ ಹಿಡಿಯುವುದರಿಂದ ಎಂಆರ್‌ಐ ಮರಳಿ ಮಾಡಿಸುತ್ತಿರಬೇಕು. ಹಾಗೆಂದು ಎಲ್ಲ ಪೊಳ್ಳಿಗೂ ಕತ್ತರಿ ಬೇಕಿಲ್ಲ; ಬೇರೆ ಕಾರಣಕ್ಕೆ ತೆಗೆಸಿದ ಚಿತ್ರದಲ್ಲಿ ಕಂಡ, ಲಕ್ಷಣವಿಲ್ಲದ ಕೂದಲೆಳೆಯಷ್ಟು ಸಣ್ಣ ಪೊಳ್ಳನ್ನು ಬರಿದೆ ಗಮನಿಸುತ್ತಾರೆ. ಕಾಪುವಿನವರು ಹುರಿಯ ಕೆಳತುದಿ ಬಿಗಿದುಕೊಂಡಿದೆಯೇ ಎಂದು ನೋಡಲು ಇಡೀ ಬೆನ್ನಿನ ಎಂಆರ್‌ಐ ಆಗಿದೆಯೇ ಎಂದು ಕೇಳಲಿ, ಏಕೆಂದರೆ ಹಾಗಿದ್ದರೆ ಶಸ್ತ್ರಚಿಕಿತ್ಸೆಯ ಜಾಗವೇ ಬೇರೆಯಾಗಬಹುದು.