ಸೂಳೆಕೆರೆ ರಾತ್ರಿ ಗಾಳಕ್ಕೆ ಅಮಾವಾಸ್ಯೆನಾ, ಹುಣ್ಣಿಮೆನಾ?

ಪ್ರಶ್ನೆ: ಚನ್ನಗಿರಿ ಸೂಳೆಕೆರೆ ದಡದಿಂದ ಬಾಳೆ ಮೀನಿಗೆ ರಾತ್ರಿ ಗಾಳ ಹಾಕೋಕೆ ಯಾವ ತಿಥಿ ವಾಸಿ? ನೈಲಾನ್ ದಾರ ಗಾಳದ ಹತ್ತಿರವೇ ತುಂಡಾಗ್ತಿದೆ, ಯಾಕೆ?

ಉತ್ತರ 1: ತಿಥಿಗಿಂತ ಚಂದ್ರ ಹುಟ್ಟೋ ಹೊತ್ತು ಮುಖ್ಯ. ಹುಣ್ಣಿಮೆ ದಿನ ಸೂರ್ಯ ಮುಳುಗೋ ಹೊತ್ತಿಗೇ ಹುಟ್ತಾನೆ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಬಹುಳ ಅಷ್ಟಮಿಗೆ ನಡುರಾತ್ರಿ. ಅಂದ್ರೆ ಹುಣ್ಣಿಮೆ ಕಳೆದ ನಾಲ್ಕನೇ ದಿನಕ್ಕೆ ಮುಸ್ಸಂಜೆ ಆದ್ಮೇಲೆ ಎರಡು ತಾಸು ಒಳ್ಳೆ ಕತ್ತಲೆ ಸಿಗುತ್ತೆ. ಬಾಳೆ ಕತ್ತಲಲ್ಲೇ ಬೇಟೆಗೆ ಇಳಿಯೋ ಮೀನು, ಅಮಾವಾಸ್ಯೆಗೇ ಕಾಯ್ಬೇಕಿಲ್ಲ.

ಉತ್ತರ 2: ದಾರ ತುಂಡು ಮಾಡ್ತಿರೋದು ಬಾಳೆ ಮೀನಿನ ಹಲ್ಲು. ಗಾಳಕ್ಕೂ ದಾರಕ್ಕೂ ನಡುವೆ ಒಂದು ಗೇಣು ಸ್ಟೀಲ್ ವೈರ್, ಮೇಲ್ತುದಿಗೆ ಸ್ವಿವೆಲ್ (ದಾರ ಹುರಿಗೊಳ್ಳದ ಹಾಗೆ ತಿರುಗೋ ಕೊಂಡಿ). ಸೀಸದ ಗುಂಡು ಹಗುರ ಇರಲಿ, ಭಾರ ಆದ್ರೆ ಕೆಸರಲ್ಲಿ ಹೂತು ಎರೆನೂ ಮುಚ್ಚಿಹೋಗುತ್ತೆ. ಎರೆಗೆ ಸಣ್ಣ ಮೀನನ್ನ ಬೆನ್ನಿನ ರೆಕ್ಕೆ ಕೆಳಗೆ ಚುಚ್ಚಿ. ಗಾಳದ ಮುಳ್ಳಿನ ತುದಿ ಹೊರಗೇ ಕಾಣ್ಬೇಕು, ಮಾಂಸದೊಳಗೆ ಮುಚ್ಚಿದ್ರೆ ಎಳೆದಾಗ ಜಾರುತ್ತೆ.

ಉತ್ತರ 3: ಬೆಳದಿಂಗಳಿದ್ರೆ ಚಂದ್ರನಿಗೆ ಬೆನ್ನು ಹಾಕಿ ನಿಲ್ಬೇಡಿ, ನೆರಳು ನೀರಿಗೆ ಬೀಳುತ್ತೆ. ಟಾರ್ಚ್ ಬೆಳಕು ನೆಲಕ್ಕೆ ಬಿಡಿ. ಗಾಳ ಬಿಡಿಸೋಕೆ ಇಕ್ಕಳ, ಬೆರಳಲ್ಲ! ಹಾಂ, ಕೆರೆ ಗುತ್ತಿಗೆ ಹಿಡಿದವರನ್ನ ಮೊದಲೇ ಕೇಳಿ.